ಕಲ್ಲೆತ್ತಿ ನೋಡಿದವರ ಮಾತು

ಪುಟ್ಟಿ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಅರ್ಜಿ ಓದಿದೆ. ಫೋನಿನಲ್ಲಿ ಒಂದು ಸಲ, ಪಕ್ಕದ ಮನೆಯ ಹುಡುಗನ ಹತ್ತಿರ ಪ್ರಿಂಟ್ ತೆಗೆಸಿ ಪೆನ್ಸಿಲ್ ಹಿಡಿದುಕೊಂಡು ಇನ್ನೊಂದು ಸಲ. ‘ಮಾವ, ಇಂಗ್ಲಿಷ್ ಸರಿಯಿದೆಯಾ ಅಂತ ನೋಡಿ ಸಾಕು, ಜಾಸ್ತಿ ತಿದ್ದಬೇಡಿ’ ಅಂತ ಕೆಳಗೆ ಬರೆದಿದ್ದೀಯ. 34 ವರ್ಷ ಪಿಯುಸಿ ಮಕ್ಕಳ ಇಂಗ್ಲಿಷ್ ಉತ್ತರಪತ್ರಿಕೆ ತಿದ್ದಿದವನಿಗೆ ಹಾಗೆ ಹೇಳುವುದೂ ಒಂದೇ, ಬೆಕ್ಕನ್ನು ಕೂರಿಸಿ ಹಾಲು ಕಾಯಲು ಹೇಳುವುದೂ ಒಂದೇ.

ಕಾಗುಣಿತದ ತಪ್ಪಿಲ್ಲ. ಅದನ್ನು ಈಗ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ನನ್ನ ಪೆನ್ಸಿಲ್ ನಿಂತದ್ದು ಕೊನೆಯ ಪ್ಯಾರಾದಲ್ಲಿ. ‘ಐ ವಿಲ್ ಲೀವ್ ನೋ ಸ್ಟೋನ್ ಅನ್‌ಟರ್ನ್ಡ್ ಟು ಡಿಸ್ಚಾರ್ಜ್ ಮೈ ಡ್ಯೂಟೀಸ್ ಟು ದಿ ಎಂಟೈರ್ ಸ್ಯಾಟಿಸ್‌ಫ್ಯಾಕ್ಷನ್ ಆಫ್ ಮೈ ಸುಪೀರಿಯರ್ಸ್’ ಅಂತ ಬರೆದಿದ್ದೀಯಲ್ಲ, ಅಲ್ಲಿ. ಎಷ್ಟೋ ವರ್ಷ ಕಾಣದಿದ್ದ ನೆಂಟ ಬಸ್‌ಸ್ಟ್ಯಾಂಡಿನಲ್ಲಿ ಎದುರಿಗೆ ಬಂದ ಹಾಗಾಯಿತು. ಈ ವಾಕ್ಯ ನಿನ್ನದಲ್ಲ ಕಣೇ. ನನ್ನದೂ ಆಗಿತ್ತು, ನನಗಿಂತ ಮುಂಚಿನವರದೂ ಆಗಿತ್ತು.

1978ರಲ್ಲಿ ನಾನು ಟೈಪಿಂಗ್ ಕಲಿಯಲು ಸೇರಿದ್ದೆ. ತಾಲ್ಲೂಕು ಕಚೇರಿಯ ಎದುರಿನ ಮಹಡಿ, ಆರು ಹಳೆಯ ರೆಮಿಂಗ್‌ಟನ್ ಯಂತ್ರಗಳು, ಬೆಳಿಗ್ಗೆ ಏಳರಿಂದಲೇ ಎ ಎಸ್ ಡಿ ಎಫ್ ಸದ್ದು. ಮೇಷ್ಟರ ಮೇಜಿನ ಮೇಲೆ ಒಂದು ರಟ್ಟಿನ ಫೈಲು ಇರುತ್ತಿತ್ತು. ಅದರೊಳಗೆ ಮಾದರಿ ಅರ್ಜಿ. ಕೆಲಸಕ್ಕೆ ಅರ್ಜಿ ಹಾಕುವವರು ಬಂದು ಎರಡು ರೂಪಾಯಿ ಕೊಟ್ಟರೆ ಹೆಸರು, ವಿಳಾಸ, ಹುಟ್ಟಿದ ತಾರೀಕು ಬದಲಿಸಿ ಟೈಪ್ ಮಾಡಿ ಕೊಡುತ್ತಿದ್ದೆವು. ನಮ್ಮ ತಾಲ್ಲೂಕಿನಿಂದ ಹೊರಟ ನೂರಾರು ಅರ್ಜಿಗಳಲ್ಲಿ ಒಂದೇ ಕಲ್ಲು ಇತ್ತು. ಗುಮಾಸ್ತನಾಗುವವನೂ ಅದನ್ನೇ ಮಗುಚುತ್ತಿದ್ದ, ಕಂಡಕ್ಟರ್ ಆಗುವವನೂ ಅದನ್ನೇ ಮಗುಚುತ್ತಿದ್ದ.

1981ರಲ್ಲಿ ಕಾರ್ಬನ್ ಹಾಳೆ ಇಟ್ಟು ನನಗೂ ಒಂದು ಟೈಪ್ ಮಾಡಿಕೊಂಡೆ. ಒಂದು ಖಾಸಗಿ ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂತು. ಮೇಜಿನ ಆಚೆ ನಾಲ್ವರು. ಅದರಲ್ಲೊಬ್ಬರು ಕರಿ ಕೋಟಿನ ಹಿರಿಯರು ನನ್ನ ಅರ್ಜಿಯ ಆ ಸಾಲನ್ನು ಗಟ್ಟಿಯಾಗಿ ಓದಿ, ಇಂಗ್ಲಿಷಿನಲ್ಲೇ, ಬಹಳ ಮರ್ಯಾದೆಯಿಂದ ಕೇಳಿದರು: ‘ಕಲ್ಲುಗಳನ್ನೇನೋ ಮಗುಚುತ್ತೀರಿ, ಸರಿ. ಅಡಿಯಲ್ಲಿ ಏನು ಹುಡುಕುತ್ತಿದ್ದೀರಿ?’ ನಾನು ‘ಡ್ಯೂಟಿ, ಸಾರ್’ ಅಂದೆ. ಉಳಿದ ಮೂವರು ನಕ್ಕರು, ಅವರು ನಗಲಿಲ್ಲ. ಆ ಕೆಲಸ ಸಿಗಲಿಲ್ಲ. ಬಸ್ಸಿನಲ್ಲಿ ಬರುವಾಗ ಅವರನ್ನು ಮನಸ್ಸಿನಲ್ಲೇ ಬೈದುಕೊಂಡೆ. ಅವರು ಕೇಳಿದ್ದು ವ್ಯಾಕರಣದ ಪ್ರಶ್ನೆ ಅಂತ ತಿಳಿಯಲು, ಪಾಠ ಮಾಡಲು ಶುರು ಮಾಡಿದ ಮೇಲೂ ಐದಾರು ವರ್ಷ ಬೇಕಾಯಿತು.

ಈ ನುಡಿಗಟ್ಟು ಹುಡುಕುವವರದ್ದು. ಕಣ್ಣಿಗೆ ಕಾಣದ ಒಂದು ವಸ್ತು ಇರಬೇಕು, ಅದು ಅಡಗಿರಬಹುದಾದ ಜಾಗಗಳು ಹಲವು ಇರಬೇಕು, ಒಂದನ್ನೂ ಬಿಡದೆ ನೋಡುವ ಮನುಷ್ಯ ಇರಬೇಕು. ಈ ಮೂರೂ ಇದ್ದರೆ ಮಾತು ತಾನಾಗಿ ಕೂರುತ್ತದೆ.

ನಿನ್ನ ಅಮ್ಮನನ್ನು ಕೇಳು, ಹಳ್ಳದಲ್ಲಿ ಏಡಿ ಹಿಡಿಯುತ್ತಿದ್ದುದು ನೆನಪಿದೆಯಾ ಅಂತ. ಮಳೆ ಸ್ವಲ್ಪ ಹಿಂದೆಗೆದು ನೀರು ತಿಳಿಯಾದ ಮೇಲೆ ಭಾನುವಾರ ನಾವಿಬ್ಬರೂ ಇಳಿಯುತ್ತಿದ್ದೆವು. ನಾನು ದೊಡ್ಡ ಕಲ್ಲು ಕಂಡಲ್ಲಿ ನುಗ್ಗುವವನು, ಅಲ್ಲೊಂದು ಎತ್ತು, ಇಲ್ಲೊಂದು ಎತ್ತು, ಅರ್ಧ ಗಂಟೆಯಲ್ಲಿ ನೀರೆಲ್ಲ ಬಗ್ಗಡ. ಅವಳಿಗೆ ಆಗ ಒಂಬತ್ತು ವರ್ಷ. ಹಳ್ಳದ ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗುತ್ತಿದ್ದಳು, ಕದಡಿದ ಮಣ್ಣು ಹಿಂದಕ್ಕೆ ಹರಿದುಹೋಗಿ ಮುಂದಿನ ನೀರು ತಿಳಿಯಾಗೇ ಇರಲಿ ಅಂತ. ಅಂಗೈಯಗಲದ ಕಲ್ಲನ್ನೂ ಬಿಡುತ್ತಿರಲಿಲ್ಲ. ಎತ್ತಿ, ನೋಡಿ, ಇದ್ದ ಹಾಗೇ ಮತ್ತೆ ಮಲಗಿಸುತ್ತಿದ್ದಳು. ಕಲ್ಲನ್ನು ಮಗುಚಿದ ಹಾಗೇ ಬಿಟ್ಟರೆ ಮುಂದಿನ ವರ್ಷ ಏಡಿಗೆ ಮನೆ ಎಲ್ಲಿ ಅಂತ ನಮ್ಮಜ್ಜ ಬೈಯುತ್ತಿದ್ದರು. ಸಂಜೆ ಸಾರಿಗೆ ಬೀಳುತ್ತಿದ್ದ ಏಡಿಗಳಲ್ಲಿ ಮುಕ್ಕಾಲು ಪಾಲು ಅವಳವೇ. ‘ಶಿ ಲೆಫ್ಟ್ ನೋ ಸ್ಟೋನ್ ಅನ್‌ಟರ್ನ್ಡ್’ ಅಂತ ನಾನು ಯಾರ ಬಗ್ಗೆಯಾದರೂ ಅನುಮಾನವಿಲ್ಲದೆ ಬರೆಯಬಲ್ಲೆನಾದರೆ ಅದು ಅವಳ ಬಗ್ಗೆ.

ಈ ಮಾತಿನ ತವರು ಗ್ರೀಸ್. ಅಲ್ಲೊಂದು ಕಥೆ ಇದೆ. ಕ್ರಿಸ್ತಪೂರ್ವ 479ರಲ್ಲಿ ಪ್ಲಾಟಿಯಾ ಎಂಬಲ್ಲಿ ಗ್ರೀಕರಿಗೂ ಪರ್ಷಿಯನ್ನರಿಗೂ ಯುದ್ಧವಾಗಿ ಪರ್ಷಿಯದ ಸೇನಾಪತಿ ಮಾರ್ಡೋನಿಯಸ್ ಸತ್ತ. ಅವನು ತನ್ನ ಡೇರೆಯ ಅಡಿಯಲ್ಲಿ ನಿಧಿ ಹೂತಿಟ್ಟಿದ್ದಾನೆ ಅಂತ ಸುದ್ದಿ ಹಬ್ಬಿತು. ಥೀಬ್ಸಿನ ಪಾಲಿಕ್ರಟೀಸ್ ಎಂಬಾತ ಆ ಜಾಗವನ್ನೇ ಕೊಂಡುಕೊಂಡು ಅಗೆದ. ಏನೂ ಸಿಗಲಿಲ್ಲ. ಡೆಲ್ಫಿಯ ದೇವವಾಣಿಯನ್ನು ಕೇಳಲು ಹೋದ. ಪ್ರತಿಯೊಂದು ಕಲ್ಲನ್ನೂ ಕದಲಿಸು ಎಂಬ ಉತ್ತರ ಬಂತು. ಹಾಗೆ ಮಾಡಿದ, ನಿಧಿ ಸಿಕ್ಕಿತು. ಕಥೆ ನಿಜವೋ ಕಟ್ಟಿದ್ದೋ, ನಾನು ಅದರಲ್ಲಿ ಗಮನಿಸುವುದು ಬೇರೆ. ಆ ಮನುಷ್ಯನಿಗೆ ಮೊದಲೂ ಛಲ ಕಡಿಮೆ ಇರಲಿಲ್ಲ, ಭೂಮಿಯನ್ನೇ ಕೊಂಡವನು. ಡೇರೆ ಇದ್ದ ಜಾಗ ಬಿಟ್ಟು ಆಚೆ ಈಚೆ ನೋಡಿರಲಿಲ್ಲ, ಅಷ್ಟೇ.

ಇನ್ನೂ ಸ್ವಾರಸ್ಯದ ಸಂಗತಿ ಇದೆ. ಯೂರಿಪಿಡೀಸ್ ಕವಿಯ ‘ಹೆರಾಕ್ಲಿಡೇ’ ನಾಟಕದಲ್ಲಿ, ಅಂದರೆ ಕ್ರಿಸ್ತಪೂರ್ವ 430ರ ಆಸುಪಾಸಿನಲ್ಲಿ, ಈ ಮಾತು ಬರುತ್ತದೆ. ಹೇಳುವವನು ಯಾರು? ಯೂರಿಸ್ತ್ಯೂಸ್ ರಾಜ. ಹೆರಾಕ್ಲಿಸನಿಗೆ ಜೀವಮಾನವೆಲ್ಲ ಕಾಟ ಕೊಟ್ಟು, ಅವನು ಸತ್ತ ಮೇಲೆ ಮಕ್ಕಳನ್ನೂ ಊರಿಂದೂರಿಗೆ ಓಡಿಸಿದವನು. ಸೆರೆಸಿಕ್ಕು ನಿಂತಾಗ, ಶತ್ರುವಿನ ಮಕ್ಕಳು ಬೆಳೆದು ನನ್ನ ಮೇಲೆ ಬೀಳದಿರಲಿ ಅಂತ ಕೊಲ್ಲುವುದು, ಗಡೀಪಾರು ಮಾಡುವುದು, ಹೀಗೆ ಎಲ್ಲ ಕಲ್ಲನ್ನೂ ಕದಲಿಸಿದೆ ಅನ್ನುತ್ತಾನೆ. ಮಾತಿಗೆ ಪುಣ್ಯಪಾಪ ಇಲ್ಲ, ನೋಡು. ಒಳ್ಳೆಯವನು ಕಳೆದ ಮಗುವನ್ನು ಹುಡುಕುವಾಗಲೂ ಸಲ್ಲುತ್ತದೆ, ಕೆಟ್ಟವನು ಅಡಗಿದವನನ್ನು ಹುಡುಕುವಾಗಲೂ ಸಲ್ಲುತ್ತದೆ. ಇದನ್ನು ಬಳಸಿದ ಮಾತ್ರಕ್ಕೆ ಹೊಗಳಿದ ಹಾಗಾಯಿತು ಅಂದುಕೊಳ್ಳಬೇಡ. ಎಷ್ಟು ಹುಡುಕಿದರು ಅನ್ನುವುದನ್ನಷ್ಟೇ ಅದು ಹೇಳುತ್ತದೆ, ಯಾಕೆ ಹುಡುಕಿದರು ಅನ್ನುವುದನ್ನು ವಾಕ್ಯದ ಉಳಿದ ಭಾಗದಲ್ಲಿ ನೀನೇ ಹೇಳಬೇಕು.

ಗ್ರೀಕರಿಂದ ಇದನ್ನು ಎತ್ತಿ ಯೂರೋಪಿನ ಮನೆಮನೆಗೆ ಹಂಚಿದವರಲ್ಲಿ ದೊಡ್ಡ ಹೆಸರು ಎರಾಸ್ಮಸ್. ಹಳೆಯ ಗ್ರೀಕ್, ಲ್ಯಾಟಿನ್ ಗಾದೆಗಳನ್ನು ಕೂಡಿಸಿ 1500ರಲ್ಲಿ ಪ್ಯಾರಿಸಿನಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದ. ಆಗ ಸುಮಾರು 800 ಗಾದೆಗಳಿದ್ದವು. ತಿದ್ದುತ್ತ, ಸೇರಿಸುತ್ತ 1536ರಲ್ಲಿ ತೀರಿಕೊಳ್ಳುವ ಹೊತ್ತಿಗೆ 4,000 ದಾಟಿಸಿದ್ದ. ಕಲ್ಲು ಕದಲಿಸುವ ಮಾತೂ ಅದರಲ್ಲಿದೆ. ಒಂದೂ ಬಿಡದೆ ನೋಡುವುದು ಅಂದರೆ ಏನು ಅಂತ ಆ ಮನುಷ್ಯನಿಗೆ ಗೊತ್ತಿತ್ತು.

ಇಲ್ಲಿ ಒಂದು ವ್ಯತ್ಯಾಸ ನೋಡು, ನಿನ್ನ ತೊಡಕಿನ ಬೇರು ಅಲ್ಲೇ ಇದೆ. ಗ್ರೀಕಿನಲ್ಲಿಯೂ ಲ್ಯಾಟಿನ್ನಿನಲ್ಲಿಯೂ ಮಾತು ನೆಟ್ಟಗಿದೆ: ಎಲ್ಲ ಕಲ್ಲನ್ನೂ ಕದಲಿಸು. ಇಂಗ್ಲಿಷಿಗೆ ಬರುವಾಗ ಅದು ಬೆನ್ನು ತಿರುಗಿಸಿತು. ‘ಮಗುಚದ ಕಲ್ಲು ಒಂದನ್ನೂ ಬಿಡಬೇಡ’ ಅಂತಾಯಿತು. ಎರಡು ನಿಷೇಧ ಒಂದೇ ಸಾಲಿನಲ್ಲಿ, ‘ನೋ’ ಒಂದು, ‘ಅನ್’ ಒಂದು. ಮಕ್ಕಳು ಜಾರುವುದು ಇಲ್ಲೇ. ಆದರೆ ಕನ್ನಡದವರು ಜಾರಬೇಕಾಗಿಲ್ಲ. ನಮ್ಮದೂ ಅದೇ ನಡಿಗೆ. ‘ಮದುವೆಗೆ ಒಂದು ಮನೆಯನ್ನೂ ಬಿಡದೆ ಕರೆದರು’ ಅನ್ನುವುದಿಲ್ಲವೇ? ‘ಕರೆಯದೆ ಒಂದು ಮನೆಯನ್ನೂ ಬಿಡಲಿಲ್ಲ’ ಅಂದರೂ ಅದೇ. ಇಂಗ್ಲಿಷಿನ ‘ಲೀವ್’ ಅಂದರೆ ನಮ್ಮ ‘ಬಿಡು’. ಆ ಒಂದು ಪದ ಹಿಡಿದುಕೊಂಡರೆ ಉಳಿದದ್ದು ಬಾಯಿಪಾಠ ಮಾಡುವುದೇ ಬೇಡ.

‘ಬಿಡು’ ಮಾತ್ರ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತದೆ: ಲೀವ್, ಲೀವ್ಸ್, ಲೆಫ್ಟ್, ಲೀವಿಂಗ್. ಉಳಿದ ಮೂರು ಪದಗಳು ಗಾರೆ ಹಾಕಿ ಕೂರಿಸಿದ ಹಾಗೆ. ‘ಸ್ಟೋನ್ಸ್’ ಮಾಡಬೇಡ, ‘ರಾಕ್’ ಮಾಡಬೇಡ, ‘ಅನ್‌ಟಚ್ಡ್’ ಮಾಡಬೇಡ. ಕೊನೆಯ ‘ಡ್’ ನುಂಗಿ ‘ಅನ್‌ಟರ್ನ್’ ಅಂತ ಬರೆಯುವವರು ಬೇಕಾದಷ್ಟು ಜನ. ಹೇಳುವಾಗ ಆ ಅಕ್ಷರ ಕೇಳಿಸುವುದಿಲ್ಲ, ಅದಕ್ಕೇ ಬರೆಯುವಾಗಲೂ ಹೋಗುತ್ತದೆ. ‘ಡೋಂಟ್ ಲೀವ್ ನೋ ಸ್ಟೋನ್’ ಅಂದರೆ ಮೂರನೆಯ ನಿಷೇಧ ಸೇರಿ ಗಾಡಿ ಹಿಂದಕ್ಕೆ ಹೋಗುತ್ತದೆ. ಕೆಲಸ ಮಾಡಿದವರನ್ನು ಹೇಳುವ ಅಗತ್ಯ ಇಲ್ಲದಿದ್ದರೆ ‘ನೋ ಸ್ಟೋನ್ ವಾಸ್ ಲೆಫ್ಟ್ ಅನ್‌ಟರ್ನ್ಡ್’ ಅಂತ ತಿರುಗಿಸಿಯೂ ಹೇಳಬಹುದು. ಮುಂದಕ್ಕೆ ಜೋಡಿಸಲು ಎರಡು ದಾರಿ. ‘ಇನ್ ದೇರ್ ಸರ್ಚ್ ಫಾರ್ ದ ಚೈಲ್ಡ್’ ಅಂತ ‘ಇನ್’ ಹಾಕಿ, ಇಲ್ಲವೇ ‘ಟು ಫೈಂಡ್ ದ ಚೈಲ್ಡ್’ ಅಂತ ‘ಟು’ ಹಾಕಿ. ನನ್ನ ಕಿವಿಗೆ ಮೊದಲನೆಯದು ಹೆಚ್ಚು ಚೆನ್ನ. ಎರಡನೆಯದೂ ತಪ್ಪಲ್ಲ.

ಒಂದು ಘಟನೆ ಹೇಳದೆ ಮುಂದೆ ಹೋಗಲಾರೆ. ನಾನು ಪಾಠ ಮಾಡುತ್ತಿದ್ದ ಕಡೆ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿ ಕಾರ್ಯದರ್ಶಿ ವರದಿ ಓದಿದ. ‘ಅವರ್ ಪ್ರಿನ್ಸಿಪಾಲ್ ಹ್ಯಾಸ್ ಲೆಫ್ಟ್ ಎವೆರಿ ಸ್ಟೋನ್ ಅನ್‌ಟರ್ನ್ಡ್ ಫಾರ್ ದ ಡೆವಲಪ್‌ಮೆಂಟ್ ಆಫ್ ದ ಕಾಲೇಜ್’ ಅಂದ. ಎಲ್ಲ ಕಲ್ಲನ್ನೂ ಇದ್ದಲ್ಲೇ ಬಿಟ್ಟರು, ಒಂದನ್ನೂ ಮುಟ್ಟಲಿಲ್ಲ ಅಂತ ಅರ್ಥ. ಮೊದಲು ಚಪ್ಪಾಳೆ ತಟ್ಟಿದ್ದು ಪ್ರಿನ್ಸಿಪಾಲರೇ. ಸ್ಟಾಫ್‌ರೂಮಿನಲ್ಲಿ ಅದು ಒಂದು ವಾರ ನಡೆಯಿತು. ಹುಡುಗ ತಪ್ಪು ಮಾಡಿದ ಅಂತ ಕೆಲವರು, ಸತ್ಯ ಹೇಳಿದ ಅಂತ ಕೆಲವರು.

ವ್ಯಾಕರಣ ಇಷ್ಟೇ. ಇದು ಅರ್ಧ ಗಂಟೆಯ ಪಾಠ. ಕಷ್ಟ ಇರುವುದು ಬೇರೆ ಕಡೆ: ಇಂಗ್ಲಿಷಿನಲ್ಲಿ ಛಲಕ್ಕೆ ಒಂದು ಮಾತಿಲ್ಲ, ಹತ್ತಾರು ಇವೆ, ಒಂದೊಂದು ಒಂದೊಂದು ಬಗೆಯ ಛಲಕ್ಕೆ. ನಮ್ಮಲ್ಲೂ ಹಾಗೆಯೇ ಅಲ್ಲವೇ? ಟೊಂಕ ಕಟ್ಟುವುದು ಬೇರೆ, ಪಟ್ಟು ಹಿಡಿಯುವುದು ಬೇರೆ, ಪಣ ತೊಡುವುದು ಬೇರೆ, ಹಟಕ್ಕೆ ಬೀಳುವುದು ಬೇರೆ, ಜಾಲಾಡುವುದು ಬೇರೆ. ಕೆಲಸ ಶುರುವಾಗುವ ಮೊದಲು ಟೊಂಕ ಕಟ್ಟುತ್ತೇವೆ. ಎದುರಿಗೆ ಯಾರಾದರೂ ಎಳೆಯುತ್ತಿದ್ದಾಗ ಪಟ್ಟು ಹಿಡಿಯುತ್ತೇವೆ, ಗರಡಿಯ ಮಾತು ಅದು. ಕಳೆದದ್ದನ್ನು ಹುಡುಕುವಾಗ ಊರೆಲ್ಲ ಜಾಲಾಡುತ್ತೇವೆ. ಊಟಕ್ಕೆ ಕೂತವನನ್ನು ಟೊಂಕ ಕಟ್ಟಿ ಉಂಡ ಅಂದರೆ ನೀನೇ ನಗುತ್ತೀಯ. ಇಂಗ್ಲಿಷಿನಲ್ಲಿ ಅಷ್ಟೇ ನಗು ಬರುವ ವಾಕ್ಯವನ್ನು ಮಾತ್ರ ನಾವು ಗಂಭೀರವಾಗಿ ಬರೆದು, ಸಹಿ ಹಾಕಿ, ಅಂಚೆಯಲ್ಲಿ ಕಳಿಸುತ್ತೇವೆ.

ನಿನ್ನ ಮುತ್ತಜ್ಜನ ಬಾವಿಯ ವಿಷಯ ಕೇಳಿರುತ್ತೀಯ. ಮನೆ ಹಿಂದಿನ ದಿಬ್ಬದಲ್ಲೇ ನೀರು ಬರಬೇಕು ಅಂತ ಮೂರು ಬೇಸಿಗೆ ಒಂದೇ ಜಾಗದಲ್ಲಿ ತೋಡಿಸಿದರು. ಅರವತ್ತು ಅಡಿ ಹೋದರೂ ಹನಿ ನೀರಿಲ್ಲ. ಊರವರು ಬುದ್ಧಿ ಹೇಳಿದಷ್ಟೂ ಅವರ ಹಟ ಏರುತ್ತಿತ್ತು. ಇದಕ್ಕೆ ಇಂಗ್ಲಿಷರು ಹೇಳುವುದು ‘ಹೆಲ್‌ಬೆಂಟ್ ಆನ್ ಡಿಗ್ಗಿಂಗ್’. ‘ಆನ್’ ಬೇಕು, ಅದರ ಮುಂದೆ ‘ಇಂಗ್’ ಬೇಕು, ‘ಹೆಲ್‌ಬೆಂಟ್ ಟು ಡಿಗ್’ ಅನ್ನಬೇಡ. ಈ ಮಾತಿನಲ್ಲಿ ಹೊಗಳಿಕೆಗಿಂತ ‘ಕೇಳುವವನಲ್ಲ ಬಿಡು’ ಎಂಬ ಬೇಸರವೇ ಹೆಚ್ಚು. ಕೆಲಸದ ಅರ್ಜಿಯಲ್ಲಿ ನಿನ್ನ ಬಗ್ಗೆ ನೀನೇ ಇದನ್ನು ಬರೆದುಕೊಂಡರೆ ಓದಿದವರು ಕುರ್ಚಿ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಊರವರು ಏನಂದರೂ ಅವರು ಮಣಿಯಲಿಲ್ಲ ಅನ್ನುವುದಕ್ಕೆ ‘ಹಿ ಸ್ಟಕ್ ಟು ಹಿಸ್ ಗನ್ಸ್’. ಮಾತಿನ ಎದುರು ಮಾತು ಇದ್ದಾಗ ಮಾತ್ರ ಇದು ಸರಿ. ಅವರ ತಮ್ಮ, ನಮ್ಮ ಚಿಕ್ಕಜ್ಜ, ಒಂದು ಇಡೀ ಬೇಸಿಗೆ ತೋಟ, ಗದ್ದೆ, ಹಾಡ್ಯ ಎಲ್ಲ ಸುತ್ತಿದರು. ಎಲ್ಲಿ ಹುಲ್ಲು ಬೇಗ ಒಣಗುವುದಿಲ್ಲ, ಎಲ್ಲಿ ಹುತ್ತ ಇದೆ, ಎಲ್ಲಿ ಬೆಳಿಗ್ಗೆ ಮಂಜು ಹೆಚ್ಚು ಹೊತ್ತು ನಿಲ್ಲುತ್ತದೆ, ನೋಡುತ್ತ ಹೋದರು. ‘ಹಿ ಲೆಫ್ಟ್ ನೋ ಸ್ಟೋನ್ ಅನ್‌ಟರ್ನ್ಡ್ ಇನ್ ಹಿಸ್ ಸರ್ಚ್ ಫಾರ್ ವಾಟರ್.’ ಈಗಲೂ ನಾವು ಕುಡಿಯುವ ನೀರು ಅವರು ತೋರಿಸಿದ ಬಾವಿಯದು. ಅಣ್ಣತಮ್ಮ ಇಬ್ಬರಲ್ಲೂ ಛಲ ಇತ್ತು, ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ಮಾತು ಹಾಕಿದರೆ ಇಬ್ಬರಿಗೂ ಅನ್ಯಾಯ.

ಇದೇ ಅಳತೆಗೋಲು ಹಿಡಿದು ನೀನೇ ವಾಕ್ಯಗಳನ್ನು ಪರೀಕ್ಷೆ ಮಾಡು. ಬೆಳಿಗ್ಗೆ ಬೇಗ ಏಳಲು ನೋ ಸ್ಟೋನ್ ಅನ್‌ಟರ್ನ್ಡ್? ಆಗದು, ಅಲ್ಲಿ ಹುಡುಕುವುದು ಏನೂ ಇಲ್ಲ, ಹೊದಿಕೆ ಒದೆಯಬೇಕು ಅಷ್ಟೇ. ರಾತ್ರಿಯಿಡೀ ಅಮ್ಮನ ಆಸ್ಪತ್ರೆ ಮಂಚದ ಪಕ್ಕ ಕೂತದ್ದಕ್ಕೆ? ಆಗದು, ಅದು ತಾಳ್ಮೆ. ತಂಗಿಯ ಕಾಯಿಲೆಗೆ ಯಾವ ಡಾಕ್ಟರು, ಯಾವ ಔಷಧಿ ಅಂತ ಊರೂರು ಸುತ್ತಿದ್ದಕ್ಕೆ? ಆಗುತ್ತದೆ. ಜೈಲಿನಲ್ಲಿರುವವನನ್ನು ಬಿಡಿಸಲು ಕಾನೂನಿನಲ್ಲಿರುವ ಒಂದೊಂದು ದಾರಿಯನ್ನೂ ನೋಡಿದ ವಕೀಲನಿಗೆ? ಆಗುತ್ತದೆ, ಅಲ್ಲಿ ಹುಡುಕುವುದು ಉಪಾಯವನ್ನು. ಎಂಟು ಗಂಟೆಯ ಬಸ್ಸು ಹಿಡಿಯಲು? ತಮಾಷೆಗೆ ಮಾತ್ರ.

ಇನ್ನು ಪತ್ರಿಕೆಗಳಲ್ಲಿ ನೀನು ಇದನ್ನು ಹೆಚ್ಚಾಗಿ ಓದುವುದು ತನಿಖೆಯ ಸುದ್ದಿಯಲ್ಲಿ. ಕಳ್ಳತನವಾದ ಮಾರನೆಯ ದಿನ ಅಧಿಕಾರಿಗಳು ‘ನೋ ಸ್ಟೋನ್ ವಿಲ್ ಬಿ ಲೆಫ್ಟ್ ಅನ್‌ಟರ್ನ್ಡ್’ ಅನ್ನುತ್ತಾರೆ. ವಾಕ್ಯ ವ್ಯಾಕರಣಕ್ಕೆ ಸರಿ. ಆದರೆ ಹೀಗೆ ಹೇಳಿ ಹೇಳಿ ಅದಕ್ಕೆ ‘ನೋಡೋಣ’ ಎಂಬುದಕ್ಕಿಂತ ಹೆಚ್ಚು ತೂಕ ಉಳಿದಿಲ್ಲ. ಕನ್ನಡ ವರದಿಗಾರರಲ್ಲಿ ಒಬ್ಬರು ಅದನ್ನು ‘ಯಾವುದೇ ಕಲ್ಲನ್ನು ತಿರುಗಿಸದೆ ಬಿಡುವುದಿಲ್ಲ’ ಅಂತ ಅನುವಾದಿಸಿದ್ದನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ‘ಮೂಲೆಮೂಲೆ ಜಾಲಾಡುತ್ತೇವೆ’ ಅಂದಿದ್ದರೆ ಓದಿದ ರೈತನಿಗೂ ತಿಳಿಯುತ್ತಿತ್ತು. ಇಂಗ್ಲಿಷ್ ನುಡಿಗಟ್ಟನ್ನು ಇಂಗ್ಲಿಷಿನಲ್ಲೇ ಚೆನ್ನಾಗಿ ಬಳಸು, ಕನ್ನಡಕ್ಕೆ ಬರುವಾಗ ಕಲ್ಲನ್ನು ಅಲ್ಲೇ ಬಿಟ್ಟು ಬಾ.

ಆದರೆ ನಿಜವಾದ ಕಲ್ಲುಗಳನ್ನೇ ನೋಡುತ್ತ ಹೋದವರು ನಮ್ಮ ನಾಡಿನಲ್ಲಿದ್ದರು. ಬಿ. ಎಲ್. ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರಲ್ಲಿ. ತಂದೆ ಪಾದ್ರಿ. ಮೈಸೂರು ಸಂಸ್ಥಾನದಲ್ಲಿ ಮೊದಲು ಶಿಕ್ಷಣ ಇಲಾಖೆಯ ಕೆಲಸ, ಆಮೇಲೆ ಪುರಾತತ್ವ. ಆಗಿನ ರಸ್ತೆಗಳಲ್ಲಿ, ಆಗಿನ ಸವಾರಿಯಲ್ಲಿ, ಹಳ್ಳಿಹಳ್ಳಿಯ ಶಾಸನ ಓದಿಸಿ, ಪ್ರತಿ ತೆಗೆಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಅಂತ ಹನ್ನೆರಡು ಸಂಪುಟ ತಂದರು. ಸುಮಾರು 9,000 ಶಾಸನಗಳು. 1892ರಲ್ಲಿ ಮೊಳಕಾಲ್ಮುರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದವರೂ ಅವರೇ. ಶಾಸನಗಳೆಲ್ಲ ದೇವಸ್ಥಾನದ ಗೋಡೆಯ ಮೇಲೆ ನೆಟ್ಟಗೆ ನಿಂತು ಕಾಯುತ್ತಿರುವುದಿಲ್ಲ. ಬಟ್ಟೆ ಒಗೆಯುವ ಕಲ್ಲಾಗಿ, ಕಾಲುವೆಗೆ ಹಾಸಿದ ಚಪ್ಪಡಿಯಾಗಿ, ಅಕ್ಷರ ಅಡಿಯಾಗಿ ಮಲಗಿದವು ಎಷ್ಟೋ. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತರದಿದ್ದರೆ ನಮ್ಮ ಭಾಷೆಯ ವಯಸ್ಸಿನ ಲೆಕ್ಕದಲ್ಲೇ ಒಂದು ಪುಟ ಕಡಿಮೆಯಾಗುತ್ತಿತ್ತು. ಇನ್ನೊಂದು ಇದೆ, ತಮಾಷೆಯದು. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಅಶೋಕನ ಹೆಸರೇ ಕೆತ್ತಿದ್ದ ಬಂಡೆ ಕಂಡದ್ದು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರಿಗೆ. ಶಾಸನ ಹುಡುಕುವುದು ಆತನ ಕೆಲಸವಲ್ಲ. ಹಾಗಾಗಿ ರೈಸ್ ಅವರ ಬಗ್ಗೆ ನಮ್ಮ ನುಡಿಗಟ್ಟು ಬಳಸಬಹುದು, ಬೀಡನ್ ಬಗ್ಗೆ ಬಳಸಬಾರದು. ಅವನದ್ದು ಅದೃಷ್ಟ, ಅದಕ್ಕೆ ಬೇರೆ ಮಾತುಗಳಿವೆ.

ಒಂದು ಎಚ್ಚರಿಕೆ. ರೈಸ್ ‘ಲೆಫ್ಟ್ ನೋ ಸ್ಟೋನ್ ಅನ್‌ಟರ್ನ್ಡ್’ ಅಂತ ಬರೆದರೆ ಇಂಗ್ಲಿಷ್ ಬಲ್ಲವರು ಸಣ್ಣಗೆ ನಗುತ್ತಾರೆ, ಯಾಕೆಂದರೆ ಅಲ್ಲಿ ಕಲ್ಲು ನಿಜವಾಗಿಯೂ ಕಲ್ಲೇ. ಬೇಕೆಂದೇ ನಗಿಸುವುದಾದರೆ ಬರೆ. ಗೊತ್ತಿಲ್ಲದೆ ಬರೆದರೆ ನಗು ನಿನ್ನ ಮೇಲೆ ಬರುತ್ತದೆ. ಗಣಿ, ಕ್ವಾರಿ, ಮೂತ್ರಪಿಂಡದ ಕಲ್ಲು, ಇವುಗಳ ಸುದ್ದಿಯಲ್ಲಿ ಈ ನುಡಿಗಟ್ಟನ್ನು ದೂರವಿಡು. ಇಂಗ್ಲಿಷರು ತಾವೇ ಇದನ್ನು ತಿರುವಿ ಆಡಿಕೊಂಡದ್ದೂ ಉಂಟು. ನಟಿ ಡಯಾನಾ ರಿಗ್ 1982ರಲ್ಲಿ ನಾಟಕ ವಿಮರ್ಶಕರ ಕಟುನುಡಿಗಳನ್ನೆಲ್ಲ ಕೂಡಿಸಿ ಒಂದು ಪುಸ್ತಕ ತಂದಳು. ಹೆಸರು ‘ನೋ ಟರ್ನ್ ಅನ್‌ಸ್ಟೋನ್ಡ್’. ರಂಗಕ್ಕೆ ಬಂದವರಲ್ಲಿ ಕಲ್ಲೇಟು ತಿನ್ನದವರಿಲ್ಲ ಅಂತ. ಗಾರೆ ಗಟ್ಟಿಯಾಗಿ ಕೂತ ಗೋಡೆಯಾದ್ದರಿಂದಲೇ ಎರಡು ಇಟ್ಟಿಗೆ ಅದಲುಬದಲು ಮಾಡಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ.

ಈಗ ನಿನ್ನ ಅರ್ಜಿಗೆ ಬರುತ್ತೇನೆ. ‘ಐ ವಿಲ್’ ಅಂತ ನಾಳೆಯ ಬಗ್ಗೆ ಬರೆದಿದ್ದೀಯ. ಈ ನುಡಿಗಟ್ಟು ನಿನ್ನೆಯ ಬಗ್ಗೆ ಹೇಳುವಾಗ ಗಟ್ಟಿ, ನಾಳೆಯ ಬಗ್ಗೆ ಹೇಳುವಾಗ ಟೊಳ್ಳು. ಇನ್ನೊಬ್ಬರು ನಿನ್ನ ಬಗ್ಗೆ ಹೇಳಿದರೆ ಚಂದ, ನೀನೇ ಹೇಳಿಕೊಂಡರೆ ಜಂಬ. ಅದೂ ಅಲ್ಲದೆ ‘ಡಿಸ್ಚಾರ್ಜ್ ಮೈ ಡ್ಯೂಟೀಸ್’ ಮಾಡುವಾಗ ಹುಡುಕುವುದು ಏನು? ಕರಿ ಕೋಟಿನ ಆ ಹಿರಿಯರು ಈಗ ಇಲ್ಲ. ಅವರ ಬದಲು ನಾನು ಕೇಳುತ್ತಿದ್ದೇನೆ ಅಂದುಕೋ.

ಉತ್ತರ ನಿನ್ನ ಹತ್ತಿರವೇ ಇದೆ, ನೀನು ಬರೆದಿಲ್ಲ. ಹೋದ ಮಾರ್ಚಿಯಲ್ಲಿ ನೀನು ಟ್ರೈನಿಯಾಗಿದ್ದ ಆಡಿಟರ ಆಫೀಸಿನಲ್ಲಿ ಒಂದು ಅಂಗಡಿಯ ಟ್ರಯಲ್ ಬ್ಯಾಲೆನ್ಸ್ ತಾಳೆ ಬರದೆ 270 ರೂಪಾಯಿ ವ್ಯತ್ಯಾಸ ಉಳಿದಿತ್ತಲ್ಲ, ದೀಪಾವಳಿಗೆ ಬಂದಾಗ ಹೇಳಿದ್ದೆ. ಎರಡು ದಿನ ಹತ್ತು ತಿಂಗಳ ವೋಚರ್‌ಗಳನ್ನು ಒಂದೊಂದಾಗಿ ಲೆಡ್ಜರಿನ ಜೊತೆ ಹಿಡಿದು ನೋಡಿದೆ ಅಂದೆ. ಮೂರನೆಯ ದಿನ ಅಲ್ಲಿನ ಹಿರಿಯ ಗುಮಾಸ್ತರು ಬಂದು ‘ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತಾ ನೋಡಮ್ಮ’ ಅಂದರಂತೆ. ಆಗುತ್ತದೆ, ಮೂವತ್ತು ಸಲ. ಹಾಗಾದರೆ ಅಂಕಿ ಹಿಂದುಮುಂದಾಗಿರಬೇಕು ಅಂತ ಅವರು ಹೇಳಿದರು. ಉಳಿದ ವೋಚರ್‌ಗಳಲ್ಲಿ ಅದನ್ನೇ ಹುಡುಕಿದಾಗ 1,410 ಇರಬೇಕಾದ ಕಡೆ 1,140 ಸಿಕ್ಕಿತು. ನನಗೆ ಈ ಒಂಬತ್ತರ ಲೆಕ್ಕ ಗೊತ್ತಿರಲಿಲ್ಲ, ಅವತ್ತು ರಾತ್ರಿ ಮಲಗಿದ ಮೇಲೂ ಅಂಕಿಗಳನ್ನು ಅದಲುಬದಲು ಮಾಡಿ ನೋಡುತ್ತಿದ್ದೆ. 52ರಿಂದ 25 ಕಳೆದರೆ 27. 91ರಿಂದ 19 ಕಳೆದರೆ 72. ಎಲ್ಲಿ ಹೋದರೂ ಒಂಬತ್ತು.

ಕೊನೆಯ ಪ್ಯಾರಾ ತೆಗೆದು ಇದನ್ನು ಬರೆ. ನಾಲ್ಕು ಸಾಲು ಸಾಕು. ಎಷ್ಟು ತಿಂಗಳ ವೋಚರ್, ಎಷ್ಟು ದಿನ, ಎಷ್ಟು ರೂಪಾಯಿ, ತಪ್ಪು ಎಲ್ಲಿತ್ತು. ಗುಮಾಸ್ತರು ದಾರಿ ತೋರಿಸಿದರು ಅನ್ನುವುದನ್ನೂ ಬಿಡಬೇಡ, ಹಿರಿಯರ ಮಾತು ಕೇಳುವ ಹುಡುಗಿ ಅಂತ ಅದರಲ್ಲೇ ಗೊತ್ತಾಗುತ್ತದೆ. ಅದನ್ನು ಓದಿದವರು ತಮ್ಮಷ್ಟಕ್ಕೆ ತಾವೇ ‘ಈ ಹುಡುಗಿ ಲೀವ್ಸ್ ನೋ ಸ್ಟೋನ್ ಅನ್‌ಟರ್ನ್ಡ್’ ಅಂದುಕೊಳ್ಳಲಿ. ನಿನ್ನ ಆಡಿಟರು ಪ್ರಮಾಣಪತ್ರ ಬರೆದುಕೊಡುತ್ತಾರಲ್ಲ, ಅವರು ಈ ನುಡಿಗಟ್ಟು ಹಾಕಿದರೆ ಹಾಕಲಿ, ಅವರು ನೋಡಿದವರು. ‘ಎಂಟೈರ್ ಸ್ಯಾಟಿಸ್‌ಫ್ಯಾಕ್ಷನ್ ಆಫ್ ಮೈ ಸುಪೀರಿಯರ್ಸ್’ ಅನ್ನುವುದನ್ನು ನನ್ನ ಟೈಪಿಂಗ್ ಮೇಷ್ಟರ ರಟ್ಟಿನ ಫೈಲಿಗೇ ವಾಪಸ್ ಕಳಿಸು. ಅದರ ಜಾಗಕ್ಕೆ ಏನೂ ಬೇಡ.

ಸೋಮವಾರ ಕೊನೆಯ ದಿನ ಅಂದಿದ್ದೆ. ಶನಿವಾರ ಸಂಜೆಯೊಳಗೆ ತಿದ್ದಿದ್ದು ಕಳಿಸು, ಭಾನುವಾರ ನಮ್ಮಲ್ಲಿ ಕರೆಂಟು ಇರುವುದಿಲ್ಲವಂತೆ. ಎರಡನೆಯ ಪ್ಯಾರಾದಲ್ಲಿ ‘ಪ್ರಿನ್ಸಿಪಲ್’ ಅಂತ ಬರೆದಿದ್ದೀಯ, ಅಲ್ಲಿ ಬೇಕಾದದ್ದು ಕಾಲೇಜಿನ ಮುಖ್ಯಸ್ಥರೋ ತತ್ತ್ವವೋ ಅಂತ ನೀನೇ ನೋಡಿಕೋ. ಕಂಪ್ಯೂಟರು ಎರಡನ್ನೂ ಒಪ್ಪಿಕೊಳ್ಳುತ್ತದೆ. ಅಮ್ಮನಿಗೆ ಏಡಿಯ ವಿಷಯ ಕೇಳಿ, ಅವಳು ಏನಂದಳು ಅಂತ ಹೇಳು. ನಾನು ಒಂದೂ ಹಿಡಿಯುತ್ತಿರಲಿಲ್ಲ ಅಂತ ಅವಳು ಹೇಳಿದರೆ ನಂಬಬೇಡ, ಎರಡು ಹಿಡಿದಿದ್ದೆ.

ನಿನ್ನ ಮಾವ